ಹೂಂ ಅನ್ನುವವರು

ವೆಸ್ಟ್ ಮಾಂಬಲಂ, ಚೆನ್ನೈ
12 ಜೂನ್ 1999

ಬೃಂದತ್ತೆಗೆ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ, ನನ್ನ ತಲೆಯೊಂದು ಬಿಟ್ಟು.

ಎಗ್ಮೋರಿನ ಮ್ಯೂಸಿಯಮ್ಮಿನಲ್ಲಿ ಹಳೆಯ ಕಾಗದ ರಿಪೇರಿ ಮಾಡುವುದನ್ನು ಕಲಿಯುತ್ತಿದ್ದೇನೆ ಅಂತ ಬರೆದಿದ್ದೆನಲ್ಲ. ಹುಳ ತಿಂದ ಹಾಳೆಗಳಿಗೆ ನಾವು ತೇಪೆ ಹಾಕುವುದು ನಿಮ್ಮ ಜಪಾನಿನ ಕಾಗದದಿಂದಲೇ. ಆ ವಿದ್ಯೆಯನ್ನು ಅಲ್ಲೇ ಬಂದು ಎರಡು ವರ್ಷ ಕಲಿಯಬೇಕೆಂದು ಕ್ಯೋಟೋದ ಒಬ್ಬ ಪ್ರೊಫೆಸರಿಗೆ ಬರೆದೆ. ಮೊರಿತಾ ಅಂತ ಹೆಸರು. ಉತ್ತರ ಬಂದಿದೆ. ನನ್ನ ಜಪಾನಿ ಬರವಣಿಗೆ ಅವರಿಗೆ ಒಪ್ಪಿಗೆಯಂತೆ. ಆದರೆ ಪಾಠವೆಲ್ಲ ಬಾಯಿಮಾತಿನಲ್ಲಿ. ಅದಕ್ಕೇ ನವೆಂಬರಿನಲ್ಲಿ ಅವರೇ ಫೋನ್ ಮಾಡಿ ಅರ್ಧ ಗಂಟೆ ಮಾತಾಡುತ್ತಾರಂತೆ. ಅರ್ಥವಾದರೆ ಏಪ್ರಿಲಿಗೆ ಬಾ, ಇಲ್ಲದಿದ್ದರೆ ಇಲ್ಲ. ಹೊರದೇಶದವರಿಗೆ ವರ್ಷಕ್ಕೆ ಇರುವುದು ಒಂದೇ ಸೀಟು.

ಓದು ಅಂದರೆ ಓದಿಬಿಡುತ್ತೇನೆ ಅತ್ತೆ. ಕೇಳು ಅಂದರೆ ಎರಡನೇ ವಾಕ್ಯಕ್ಕೇ ದಾರಿ ತಪ್ಪುತ್ತೇನೆ. ನಮ್ಮ ಜಪಾನಿ ಕ್ಲಾಸಿನ ಸರಸ ಟೀಚರ್ ಹತ್ತಿರ ಇರುವುದು ರೇಡಿಯೋ ವಾರ್ತೆಯ ಒಂದೇ ಕ್ಯಾಸೆಟ್ಟು. ಅದೂ ಸವೆದು ಸವೆದು, ವಾರ್ತೆ ಓದುವವನು ಬಾವಿಯೊಳಗಿಂದ ಕೂಗುತ್ತಿರುವ ಹಾಗಿದೆ. ನನಗೆ ಬೇಕಾಗಿರುವುದು ವಾರ್ತೆಯಲ್ಲ. ಇಬ್ಬರು ಮನುಷ್ಯರು ಕೂತು ಹರಟುವುದು ಬೇಕು. ನೀನು ಹನ್ನೊಂದು ವರ್ಷದಿಂದ ಅಲ್ಲಿದ್ದೀಯ. ಯಾರಾದರೂ ಗೆಳತಿಯ ಜೊತೆ ಮಾತಾಡುವಾಗ ಒಂದು ಟೇಪ್ ರೆಕಾರ್ಡರ್ ಒತ್ತಿಬಿಡು, ಅಷ್ಟೇ.

ಈ ವರ್ಷ ಆಗದಿದ್ದರೆ ಬ್ಯಾಂಕ್ ಪರೀಕ್ಷೆಗೆ ಕೂರಬೇಕೆಂದು ಅಪ್ಪ ಫರ್ಮಾನು ಹೊರಡಿಸಿದ್ದಾರೆ. ಅರ್ಜಿಯನ್ನೂ ತಂದು ಅಲಮಾರಿನ ಮೇಲೆ ಇಟ್ಟಿದ್ದಾರೆ. ದಿನಾ ಅದು ನನ್ನನ್ನು ನೋಡುತ್ತದೆ, ನಾನು ಅದನ್ನು ನೋಡುತ್ತೇನೆ.

ಬೇಗ ಕಳಿಸು.

ನಿನ್ನ
ಸಂಹಿತಾ


ಹಮಾಮಾತ್ಸು
3 ಜುಲೈ 1999

ಚಿ. ಸಂಹಿತಾಳಿಗೆ ಆಶೀರ್ವಾದಗಳು.

ಕೊನೆಗೂ ಅತ್ತೆ ಅಂತ ಒಬ್ಬಳಿದ್ದಾಳೆ ಎಂದು ನೆನಪಾಯಿತಲ್ಲ, ಸಂತೋಷ. ಕಳೆದ ದೀಪಾವಳಿಗೆ ಬರೆದ ಕಾಗದಕ್ಕೆ ಇನ್ನೂ ಉತ್ತರ ಬಂದಿಲ್ಲ ಅನ್ನುವುದನ್ನು ನಾನು ಎತ್ತುವುದಿಲ್ಲ.

ಹರಟೆಗೇನು ಕೊರತೆಯೇ? ಪಕ್ಕದ ಮನೆಯ ಸಾತೋ ಅಮ್ಮ ದಿನಾ ಮೂರು ಗಂಟೆಗೆ ಬಂದು ಕೂತರೆ ಐದಾದರೂ ಏಳುವುದಿಲ್ಲ. ನನ್ನ ಮೈಸೂರು ಪಾಕ್ ಅಂದರೆ ಅವರಿಗೆ ಪ್ರಾಣ. ಅವರೂ ನಾನೂ ಮಾತಾಡಿದ್ದನ್ನು ಎರಡು ಕ್ಯಾಸೆಟ್ಟಿನಲ್ಲಿ ತುಂಬಿಸಿ ಕಳಿಸಿದ್ದೇನೆ. ನಿನ್ನ ಮಾವ ಬೆಳಿಗ್ಗೆ ಆರೂವರೆಗೆ ಫ್ಯಾಕ್ಟರಿಗೆ ಹೋದರೆ ಬರುವುದು ಹತ್ತಕ್ಕೆ, ಹಾಗಾಗಿ ನಮ್ಮ ಹರಟೆಗೆ ಯಾರ ಅಡ್ಡಿಯೂ ಇಲ್ಲ.

ಒಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಯಾರಾದರೂ ಮಾತಾಡುತ್ತಿದ್ದರೆ ನಡುವೆ ಬಾಯಿ ಹಾಕುವ ಚಾಳಿ ನಿನಗೆ ಮೂರನೇ ವಯಸ್ಸಿನಿಂದ ಇದೆ. ಬಾಯಿ ಮುಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು, ಕೈಕಟ್ಟಿ ಕೂತು ಕೇಳು. ನಮ್ಮಪ್ಪನ ಮುಂದೆ ನಾವು ಹಾಗೇ ಕೂತು ಕೇಳುತ್ತಿದ್ದೆವು.

ಅಮ್ಮನಿಗೆ ಮಂಡಿನೋವು ಹೇಗಿದೆ? ನಾನು ಚೆನ್ನಾಗಿದ್ದೇನೆಂದು ಹೇಳು.

ಬೃಂದಾ


ವೆಸ್ಟ್ ಮಾಂಬಲಂ
9 ಆಗಸ್ಟ್ 1999

ಬೃಂದತ್ತೆ,

ಕ್ಯಾಸೆಟ್ಟುಗಳು ಬಂದವು. ಉಪಕಾರವಾಯಿತು ಅಂತ ಬರೆಯಬೇಕು, ಬರೆದೆ. ಈಗ ಜಗಳಕ್ಕೆ ಬರುತ್ತೇನೆ.

ಇದೇನು ಹರಟೆಯೋ, ಮಠದಲ್ಲಿ ಪುರಾಣ ಓದುವುದೋ? ನೀನು ಒಂದು ಮಾತು ಹೇಳುತ್ತೀಯ. ಆಮೇಲೆ ನಿಶ್ಶಬ್ದ. ಆಮೇಲೆ ನಿನ್ನ ಸಾತೋ ಅಮ್ಮ ಒಂದು ಮಾತು ಹೇಳುತ್ತಾರೆ. ಮತ್ತೆ ನಿಶ್ಶಬ್ದ. ನಗುವಿಲ್ಲ, ಅಡ್ಡಮಾತಿಲ್ಲ, ಲೋಟ ಇಟ್ಟ ಸದ್ದೂ ಇಲ್ಲ. ದಿನಾ ಎರಡು ಗಂಟೆ ಕೂರುವವರು ಹೀಗೆ ಮಾತಾಡುತ್ತಾರೆಯೇ? ನಮ್ಮ ಬೀದಿಯಲ್ಲಿ ನೀರಿನ ಲಾರಿ ಬಂದಾಗ ಕೊಡ ಹಿಡಿದು ನಿಂತವರು ಒಂದು ನಿಮಿಷದಲ್ಲಿ ಇದಕ್ಕಿಂತ ಜಾಸ್ತಿ ಮಾತಾಡುತ್ತಾರೆ. ಎರಡನೇ ಕ್ಯಾಸೆಟ್ಟಿನಲ್ಲಿ ಇಬ್ಬರಿಗೂ ನೆಗಡಿ ಬೇರೆ. ಒಬ್ಬರಿಂದ ಇನ್ನೊಬ್ಬರಿಗೆ ಹತ್ತಿತೋ ಏನೋ, ಮಾತು ಪೂರ್ತಿ ಮೂಗಿನಲ್ಲೇ.

ಇಲ್ಲಿ ನಿನ್ನ ಅಮ್ಮನದು ಇನ್ನೊಂದು ಕಾಟ. ನಾನು ಟೇಪ್ ಹಾಕಿದ ತಕ್ಷಣ ಅಜ್ಜಿ ಹತ್ತಿ ಬತ್ತಿ ಹೊಸೆಯುವ ತಟ್ಟೆ ಹಿಡಿದು ಪಕ್ಕದಲ್ಲಿ ಬಂದು ಕೂರುತ್ತಾಳೆ. ಕೂತು ಸುಮ್ಮನಿರುತ್ತಾಳೆಯೇ? ಪ್ರತಿ ಮಾತಿಗೂ 'ಹೂಂ' ಅನ್ನುತ್ತಾಳೆ. ಜಪಾನಿಯ ಒಂದಕ್ಷರ ಗೊತ್ತಿಲ್ಲ, ಆದರೂ 'ಹೂಂ... ಹೂಂ... ಹೌದೇ?' ನನಗೆ ತಲೆ ಕೆಟ್ಟುಹೋಯಿತು. 'ಅಜ್ಜಿ, ಅದು ಕ್ಯಾಸೆಟ್ಟು, ಅದಕ್ಕೆ ಕೇಳಿಸಲ್ಲ' ಅಂದೆ. 'ಪಾವಂ, ಪಾಪ ಕಣೇ, ಅಷ್ಟು ದೂರದಿಂದ ಮಾತಾಡ್ತಿದೆ ಮಗು, ಒಬ್ಬರಾದರೂ ಹೂಂ ಅನ್ನಬೇಡವೇ?' ಅಂದಳು. ಸಿಟ್ಟು ತಡೆಯಲಾರದೆ ಅಡುಗೆಮನೆಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಎರಡು ದಿನದಿಂದ ನನ್ನ ಹತ್ತಿರ ಮಾತಿಲ್ಲ.

ದಯವಿಟ್ಟು ಬೇಗ ಬೇಗ ಮಾತಾಡಿ ಕಳಿಸಿ. ನೀನೂ ನಿನ್ನ ಗೆಳತಿಯೂ.

ಸಂಹಿತಾ


ಹಮಾಮಾತ್ಸು
30 ಆಗಸ್ಟ್ 1999

ಸಂಹಿತಾ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ಸಾತೋ ಅಮ್ಮ ಎಷ್ಟು ಮರ್ಯಾದಸ್ಥರು ಗೊತ್ತೇ? ಇಲ್ಲಿಯವರು ನಮ್ಮ ಹಾಗೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವುದಿಲ್ಲ. ನೀರಿನ ಲಾರಿಯ ಹತ್ತಿರ ಕಲಿಯುವುದಿದ್ದರೆ ಅಲ್ಲೇ ಹೋಗಿ ಕಲಿತುಕೋ, ನಾನೇನು ಬೇಡವೆಂದೆನೇ?

ನನ್ನ ತಾಯಿಯನ್ನು ಕೋಣೆಯಿಂದ ಹೊರಗೆ ಕಳಿಸಲು ನೀನು ಯಾರು? ಅವಳು ಕೂರಲಿ. ಅವಳು ಹೂಂ ಅಂದರೆ ನಿನ್ನ ಗಂಟೇನು ಹೋಗುತ್ತದೆ?

ಆದರೂ ಇನ್ನು ನಾಲ್ಕು ಕ್ಯಾಸೆಟ್ಟು ಕಳಿಸಿದ್ದೇನೆ. ಈ ಸಲ ಬೇಗ ಮಾತಾಡಿದ್ದೇವೆ. ಕಾಗದ, ಅಂಟಿಸುವ ಗಂಜಿ, ನೀರು, ಕುಂಚ ಅಂತ ನಿನ್ನ ಕೆಲಸದ ಮಾತೂ ಸೇರಿಸಿದ್ದೇನೆ. ಅದಕ್ಕಾಗಿ ಗ್ರಂಥಾಲಯಕ್ಕೆ ಹೋಗಿ ನಾಲ್ಕು ದಿನ ಓದಿದೆ. ಸಾತೋ ಅಮ್ಮನೂ ಓದಿದರು. ನಿನಗೆ ಅದೂ ಸಾಲದಿದ್ದರೆ ದೇವರೇ ಗತಿ.

ಬೃಂದಾ


ವೆಸ್ಟ್ ಮಾಂಬಲಂ
14 ನವೆಂಬರ್ 1999

ಅತ್ತೆ,

ಮೊನ್ನೆ ಬುಧವಾರ ಫೋನ್ ಬಂತು. ಬೆಳಿಗ್ಗೆ ಹತ್ತೂವರೆಗೆ. ಹೊರಗೆ ಧೋ ಅಂತ ಮಳೆ. ಅಪ್ಪ ರಜಾ ಹಾಕಿ ಬಾಗಿಲಲ್ಲಿ ಕಾವಲು ನಿಂತಿದ್ದರು, ಯಾರೂ ಗಂಟೆ ಬಾರಿಸದಿರಲೆಂದು.

ಮೊದಲು ಒಳ್ಳೆಯದು ಬರೆಯುತ್ತೇನೆ. ನನಗೆ ಅರ್ಥವಾಯಿತು ಅತ್ತೆ! ಒಂದೊಂದು ಮಾತೂ ಅರ್ಥವಾಯಿತು! ಗಂಜಿಯನ್ನು ಚಳಿಗಾಲದಲ್ಲೇ ಏಕೆ ಕಾಯಿಸುತ್ತಾರೆ, ಮಡಕೆಯಲ್ಲಿ ಎಷ್ಟು ವರ್ಷ ಇಡುತ್ತಾರೆ, ಗಡಸು ನೀರು ಏಕೆ ಆಗದು, ಹಾಳೆ ಒದ್ದೆಯಾದಾಗ ಯಾವ ಕಡೆ ಹಿಗ್ಗುತ್ತದೆ, ಎಲ್ಲವನ್ನೂ ಈಗ ಬೇಕಾದರೂ ಒಪ್ಪಿಸುತ್ತೇನೆ. ನೀನು ಕಳಿಸಿದ ನಾಲ್ಕು ಕ್ಯಾಸೆಟ್ಟಿನ ಪದಗಳೇ ಬಂದವು.

ನೀನು ಹೇಳಿದಂತೆ ಒಂದು ಸಲವೂ ಅಡ್ಡ ಬಾಯಿ ಹಾಕಲಿಲ್ಲ. ತುಟಿ ಕಚ್ಚಿ ಕೂತಿದ್ದೆ. ತಲೆಯಾಡಿಸಿ ಆಡಿಸಿ ಕತ್ತು ನೋಯುತ್ತಿತ್ತು. ಆದರೆ ಆ ಮನುಷ್ಯನಿಗೆ ಏನಾಯಿತೋ ಗೊತ್ತಿಲ್ಲ. ಎರಡು ಮಾತು ಹೇಳುವುದು, ನಿಲ್ಲಿಸುವುದು, 'ಮೋಶಿ ಮೋಶಿ' ಅನ್ನುವುದು. ಅಂದರೆ ಹಲೋ, ಹಲೋ. ನಾನು ಇದ್ದೇನಲ್ಲಪ್ಪ! ಒಂದು ಸಲ ಲೈನ್ ಕಟ್ಟಾಯಿತೆಂದು ಇಟ್ಟೇಬಿಟ್ಟು ಮತ್ತೆ ಮಾಡಿದರು. ಕೊನೆಗೆ ಚಿಕ್ಕ ಮಗುವಿಗೆ ಹೇಳುವ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದರು. ಆಮೇಲೆ ಇಂಗ್ಲಿಷಿಗೆ ಬಂದು 'ಥ್ಯಾಂಕ್ ಯೂ, ಥ್ಯಾಂಕ್ ಯೂ' ಅಂದು ಹದಿನೇಳೇ ನಿಮಿಷಕ್ಕೆ ಮುಗಿಸಿದರು. ಪ್ರಶ್ನೆ ಕೇಳುವ ಹೊತ್ತೇ ಬರಲಿಲ್ಲ.

ಅರ್ಧ ಗಂಟೆ ಅಂದವರು ಹದಿನೇಳು ನಿಮಿಷಕ್ಕೆ ಇಟ್ಟರೆ ಏನರ್ಥ? ನಿನಗೆ ಅವರ ರೀತಿ ಗೊತ್ತಲ್ಲ. ತಕ್ಷಣ ಬರೆ.

ಸಂಹಿತಾ


ವೆಸ್ಟ್ ಮಾಂಬಲಂ
2 ಡಿಸೆಂಬರ್ 1999

ಅತ್ತೆ,

ನಿನ್ನ ಉತ್ತರ ಬರಲಿಲ್ಲ. ಮೊರಿತಾ ಅವರದು ಬಂತು. ಮೂರು ಸಾಲು. 'ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ನಿಮಗೆ ಕಷ್ಟವಿರುವಂತೆ ಕಂಡಿತು. ಇನ್ನಷ್ಟು ಅಭ್ಯಾಸ ಮಾಡಿ. ಆರೋಗ್ಯ ನೋಡಿಕೊಳ್ಳಿ.' ಆರೋಗ್ಯವಂತೆ! ಅವರು ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಒಪ್ಪಿಸಬಲ್ಲವಳಿಗೆ ಕೇಳಲು ಬರುವುದಿಲ್ಲವಂತೆ. ಇದು ನ್ಯಾಯವೇ? ಸಿಟ್ಟಿಗೆ ಅಳುವೂ ಬರಲಿಲ್ಲ. ಅಪ್ಪ ಬ್ಯಾಂಕಿನ ಅರ್ಜಿಯನ್ನು ಅಲಮಾರಿನ ಮೇಲಿಂದ ತೆಗೆದು ಧೂಳು ಒರೆಸಿ ಮೇಜಿನ ಮೇಲಿಟ್ಟರು.

ಇನ್ನು ನಿನ್ನ ವಿಷಯ.

ನಾನು ಕ್ಯಾಸೆಟ್ಟುಗಳನ್ನೆಲ್ಲ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಎಸೆದಿದ್ದೆ. ನಿನ್ನೆ ಕೆಲಸದಿಂದ ಬಂದು ನೋಡಿದರೆ ಅಜ್ಜಿ ಒಬ್ಬಳೇ ಕೂತು ಕೇಳುತ್ತಿದ್ದಾಳೆ, ಹೂಂ ಹೂಂ ಅನ್ನುತ್ತಿದ್ದಾಳೆ. 'ಆ ಸಾತೋ ಅಮ್ಮನಿಗೂ ಹೂಂ ಅಂತೀಯಲ್ಲ, ಅವರು ಯಾರು ನಿನಗೆ?' ಅಂತ ರೇಗಿದೆ. ಅಜ್ಜಿ ತಲೆಯೆತ್ತದೆ ಬತ್ತಿ ಹೊಸೆಯುತ್ತ ಅಂದಳು: 'ಯಾವ ಸಾತೋನೇ? ಎರಡೂ ನಮ್ಮ ಬೃಂದಾನೇ. ಚಿಕ್ಕವಳಿದ್ದಾಗ ಅಡುಗೆ ಆಟ ಆಡುವಾಗಲೂ ಹೀಗೇ. ಅತ್ತೆನೂ ಅವಳೇ, ಸೊಸೆನೂ ಅವಳೇ. ದನಿ ದಪ್ಪ ಮಾಡಿಕೊಂಡರೆ ಹೆತ್ತವಳಿಗೆ ಗೊತ್ತಾಗಲ್ಲವೇ? ಮೊದಲ ದಿನವೇ ಗೊತ್ತಾಯ್ತು.'

ಇಬ್ಬರಿಗೂ ಒಟ್ಟಿಗೆ ನೆಗಡಿ ಏಕೆಂದು ಆಗ ನನಗೂ ಹೊಳೆಯಿತು.

ಎಂಥ ಮೋಸ ಅತ್ತೆ! ಒಂದು ಗಳಿಗೆ ಯಾರನ್ನಾದರೂ ಮನೆಗೆ ಕರೆದು ಮಾತಾಡಿಸಲು ನಿನಗೆ ಅಷ್ಟು ಸೋಮಾರಿತನವೇ? ನಿನ್ನ ನಾಟಕ ಕೇಳಿಕೊಂಡು ನಾನು ನಾಲ್ಕು ತಿಂಗಳು ಕಿವಿ ಹಾಳು ಮಾಡಿಕೊಂಡೆ. ನಿಜವಾದ ಜಪಾನಿಯರು ಹೇಗೆ ಕೂತು ಮಾತಾಡುತ್ತಾರೆಂದು ಒಂದು ಸಲ ಕೇಳಿದ್ದರೆ ಅವತ್ತು ಏನು ತಪ್ಪಿತೆಂದಾದರೂ ನನಗೆ ತಿಳಿಯುತ್ತಿತ್ತು. ನೀನು ನನ್ನ ಒಂದು ವರ್ಷ ಹಾಳು ಮಾಡಿದೆ. ಇದಕ್ಕೆ ಉತ್ತರ ಬರೆಯದಿದ್ದರೂ ಚಿಂತೆಯಿಲ್ಲ.

ಸಂಹಿತಾ


ಹಮಾಮಾತ್ಸು
20 ಡಿಸೆಂಬರ್ 1999

ಸಂಹಿತಾ,

ಬರೆಯಬೇಡ ಅಂದರೂ ಬರೆಯುತ್ತೇನೆ. ನೀನೊಬ್ಬಳೇ ಸಿಟ್ಟಿನ ಗುತ್ತಿಗೆ ಹಿಡಿದವಳಲ್ಲ.

ಹೌದು, ಎರಡೂ ನಾನೇ. ಈ ಮನೆಗೆ ಬಂದ ವಾರ ಮೈಸೂರು ಪಾಕ್ ಮಾಡಿ ಸಾತೋ ಅಮ್ಮನ ಬಾಗಿಲಿಗೆ ಹೋದೆ. ಎರಡೂ ಕೈಯಲ್ಲಿ ತೆಗೆದುಕೊಂಡು ಬಗ್ಗಿ ನಮಸ್ಕಾರ ಮಾಡಿದರು. ಮಾರನೇ ದಿನ ಡಬ್ಬಿ ತೊಳೆದು, ಒಂದು ಟವೆಲ್ ಸೇರಿಸಿ ಬಾಗಿಲಲ್ಲೇ ಕೊಟ್ಟು ಹೋದರು. ಅಷ್ಟೇ. ಕೆಟ್ಟವರಲ್ಲ. ಎದುರು ಸಿಕ್ಕರೆ ಇವತ್ತು ಚಳಿ, ಇವತ್ತು ಸೆಕೆ ಅನ್ನುತ್ತಾರೆ. ಹನ್ನೊಂದು ವರ್ಷದಲ್ಲಿ ನನ್ನ ಹೊಸ್ತಿಲು ದಾಟಿ ಒಬ್ಬರೂ ಒಳಗೆ ಬಂದಿಲ್ಲ. ನಿನ್ನ ಮಾವ ಮನೆಗೆ ಬರುವಷ್ಟರಲ್ಲಿ ಅವರ ಮಾತು ಮುಗಿದಿರುತ್ತದೆ. ನೀನು ಗೆಳತಿಯ ಜೊತೆ ಹರಟುವುದನ್ನು ಕಳಿಸು ಅಂದೆ. ಎಲ್ಲಿಂದ ತರಲಿ? ಇಲ್ಲವೆಂದು ಬರೆದರೆ ನೀವೆಲ್ಲ ಅಯ್ಯೋ ಪಾಪ ಅನ್ನುತ್ತೀರಿ. ಬರೆಯಲು ಕೈ ಬರಲಿಲ್ಲ. ಮೂರು ಗಂಟೆಗೆ ಕೂತು ಎರಡು ಲೋಟ ಇಟ್ಟುಕೊಂಡು ಮಾತಾಡಿದೆ. ಇದನ್ನು ಅಮ್ಮನಿಗೆ ಮಾತ್ರ ಓದಿ ಹೇಳಬೇಡ.

ಆದರೆ ನಿನ್ನ ನವೆಂಬರಿನ ಕಾಗದ ಓದಿದ ದಿನವೇ ನನಗೆ ತಪ್ಪು ಗೊತ್ತಾಯಿತು. ನಾಚಿಕೆಯಿಂದ ಬರೆಯದೆ ಕೂತೆ. ಕೇಳು. ಇಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರುವಂತಿಲ್ಲ. ಪ್ರತಿ ಮಾತಿಗೂ 'ಹಾಯ್, ಹಾಯ್' ಅನ್ನುತ್ತಲೇ ಇರಬೇಕು. ನಮ್ಮ ಹೂಂ ಇದ್ದ ಹಾಗೆ. ಕಥೆ ಹೇಳುವಾಗ ಹೂಂ ಅನ್ನದಿದ್ದರೆ ಅಮ್ಮ ಕಥೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳಲ್ಲ, ಹಾಗೆಯೇ. ಫೋನಿನಲ್ಲಂತೂ ಅದಿಲ್ಲದಿದ್ದರೆ ಕೇಳುವವರು ಅಲ್ಲಿಲ್ಲವೆಂದೇ ಲೆಕ್ಕ. ನೀನು ತಲೆಯಾಡಿಸಿದ್ದು ಅವರಿಗೆ ಹೇಗೆ ಕಾಣಬೇಕು? ಇಲ್ಲಿ ಹನ್ನೊಂದು ವರ್ಷ ಬದುಕಿದವಳು ನಾನು ಅದನ್ನು ಮರೆತೆ. ನನ್ನ ಕ್ಯಾಸೆಟ್ಟಿನಲ್ಲಿ ಹಾಯ್ ಅನ್ನಲು ಯಾರಿದ್ದರು? ಸಾಲದ್ದಕ್ಕೆ ಬಾಯಿ ಮುಚ್ಚಿಕೊಂಡು ಕೇಳು ಅಂತ ಬೇರೆ ಬುದ್ಧಿ ಹೇಳಿದೆ.

ನಿನ್ನೆ ಮೊರಿತಾ ಅವರಿಗೆ ಫೋನ್ ಮಾಡಿದೆ. ನಾನೇ. ನಮ್ಮ ಮನೆಯಲ್ಲಿ ದೊಡ್ಡವರು ಮಾತಾಡುವಾಗ ಮಕ್ಕಳು ಉಸಿರೆತ್ತುವುದಿಲ್ಲ, ಆ ಹುಡುಗಿ ನಿಮಗೆ ಮರ್ಯಾದೆ ಕೊಟ್ಟಿದ್ದು, ನೀವು ಅದನ್ನು ದಡ್ಡತನ ಅಂದುಕೊಂಡಿರಿ ಅಂತ ಗಟ್ಟಿಯಾಗಿಯೇ ಹೇಳಿದೆ. ಇಪ್ಪತ್ತು ನಿಮಿಷ ಮಾತಾಡಿದೆ. ಅವರು ಹಾಯ್, ಹಾಯ್ ಅಂತ ಕೇಳಿಕೊಂಡರು. ಸೀಟು ಇನ್ನೂ ಯಾರಿಗೂ ಕೊಟ್ಟಿಲ್ಲ. ಜನವರಿ ಹದಿನಾಲ್ಕಕ್ಕೆ ಅದೇ ಹೊತ್ತಿಗೆ ಮತ್ತೆ ಮಾಡುತ್ತಾರೆ.

ಇನ್ನು ಇಪ್ಪತ್ತು ದಿನ ಚಿಲ್ಲರೆ ಇದೆ. ಅಮ್ಮನ ಪಕ್ಕದಲ್ಲಿ ಕೂತು ಹೂಂ ಅನ್ನುವುದನ್ನು ಕಲಿ.

ಬೃಂದಾ


ವೆಸ್ಟ್ ಮಾಂಬಲಂ
17 ಜನವರಿ 2000

ಬೃಂದತ್ತೆ,

ಸೀಟು ಸಿಕ್ಕಿತು.

ಅದನ್ನು ಮೊದಲು ಬರೆದೆ, ಈಗ ಉಳಿದದ್ದು. ನಿನ್ನ ಕಾಗದ ಬಂದಾಗಿನಿಂದ ದಿನಾ ಅಜ್ಜಿ ಕಥೆ ಹೇಳುವುದು, ನಾನು ಹೂಂ ಅನ್ನುವುದು. ನನಗೆ ಅಭ್ಯಾಸವೇ ತಪ್ಪಿಹೋಗಿತ್ತು ಅತ್ತೆ. ಒಂದೋ ಸುಮ್ಮನಿರುತ್ತೇನೆ, ಇಲ್ಲವೋ ಪೂರ್ತಿ ಮಾತು ನುಗ್ಗಿಸುತ್ತೇನೆ. 'ಅವಸರ ಬೇಡ್ವೇ, ನಾನು ಉಸಿರು ತೊಗೊಳೋವಾಗ ಅನ್ನು' ಅಂತ ಅಜ್ಜಿ ಬೈದು ಬೈದು ಕಲಿಸಿದಳು. ಸರಸ ಟೀಚರಿಗೆ ನಡೆದದ್ದನ್ನು ಹೇಳಿದೆ. 'ಅಯ್ಯಯ್ಯೋ, ಎದುರಿಗೆ ಕೂತು ತಲೆಯಾಡಿಸ್ತಿದ್ದೆಯಲ್ಲಮ್ಮಾ, ನನಗೆ ತೋಚಲೇ ಇಲ್ಲ' ಅಂತ ಹಣೆ ಚಚ್ಚಿಕೊಂಡರು.

ಮೊನ್ನೆ ಹದಿನಾಲ್ಕಕ್ಕೆ ಭೋಗಿ. ಬೀದಿಯಲ್ಲಿ ಹಳೆಯದನ್ನೆಲ್ಲ ಸುಟ್ಟು ಮನೆ ತುಂಬ ಹೊಗೆ. ಫೋನಿನ ಪಕ್ಕದಲ್ಲಿ ಅಜ್ಜಿಯನ್ನು ನಾನೇ ಕೂರಿಸಿಕೊಂಡೆ. ಮೊರಿತಾ ಅವರು ಶುರು ಮಾಡಿದರು, ನಾನು ಮತ್ತೆ ತಲೆಯಾಡಿಸತೊಡಗಿದೆ. ಅಜ್ಜಿ ನನ್ನ ತೊಡೆಗೆ ಒಂದು ಬಿಟ್ಟಳು. 'ಹಾಯ್' ಅಂದೆ. ಆಮೇಲೆ ತಡೆಯಲಿಲ್ಲ. ನಲವತ್ತೆರಡು ನಿಮಿಷ! ಅವರು ನಕ್ಕರು ಕೂಡ. 'ಈ ಸಲ ನೀವು ಇದ್ದೀರಿ' ಅಂದರು. ಏಪ್ರಿಲಿಗೆ ಬನ್ನಿ ಅಂತ ಆಗಲೇ ಹೇಳಿಬಿಟ್ಟರು. ಬ್ಯಾಂಕಿನ ಅರ್ಜಿ ಭೋಗಿ ಬೆಂಕಿಗೆ ಹೋಯಿತು. ಹಾಕಿದ್ದು ಅಪ್ಪನೇ.

ಆದರೂ ನಿನ್ನ ಮೇಲೆ ಸಿಟ್ಟಿದೆ. ಕ್ಯಾಸೆಟ್ಟಿಗಲ್ಲ. ಹನ್ನೊಂದು ವರ್ಷ 'ಚೆನ್ನಾಗಿದ್ದೇನೆ' ಅಂತ ಬರೆದೆಯಲ್ಲ, ಅದಕ್ಕೆ. ನಿನ್ನನ್ನು ಸೋಮಾರಿ ಅಂದೆನಲ್ಲ, ನನ್ನ ಮೇಲೂ ಇದೆ.

ಅಜ್ಜಿಗೆ ಓದಿ ಹೇಳಬೇಡ ಅಂತ ನೀನು ಬರೆದಿದ್ದೆ. ಓದಲಿಲ್ಲ. ಅಜ್ಜಿ ಕೇಳಲೂ ಇಲ್ಲ. ನಿನ್ನ ಕಾಗದ ಬಂದ ಸಂಜೆ 'ಖಾಲಿ ಕ್ಯಾಸೆಟ್ ಇದೆಯೇ?' ಅಂದಳು. ಟೇಪ್ ಒತ್ತಿಸಿ, ತಟ್ಟೆ ಮುಂದಿಟ್ಟುಕೊಂಡು ಬತ್ತಿ ಹೊಸೆಯುತ್ತ ಕೂತಳು. ಸ್ವಲ್ಪ ಹೊತ್ತು ಸುಮ್ಮನೆ, ಆಮೇಲೆ 'ಹೂಂ'. ಮತ್ತೆ ಸುಮ್ಮನೆ, ಮತ್ತೆ 'ಹೂಂ'. ಎರಡು ಕಡೆಯೂ ಹೀಗೇ ತುಂಬಿಸಿದಳು. 'ಏನು ಕೇಳ್ತಿದ್ದೀಯ ಅಜ್ಜಿ?' ಅಂದೆ. 'ಅವಳು ಹೇಳೋದನ್ನ' ಅಂದಳು.

ಅದನ್ನು ಇದರ ಜೊತೆ ಕಳಿಸಿದ್ದೇನೆ.

ನಿನ್ನ
ಸಂಹಿತಾ


ಹಮಾಮಾತ್ಸು
6 ಫೆಬ್ರವರಿ 2000

ಚಿ. ಸಂಹಿತಾಳಿಗೆ,

ಕ್ಯಾಸೆಟ್ಟು ಬಂತು. ಮೂರು ಗಂಟೆಗೆ ಹಾಕಿದೆ.

ಅಮ್ಮ ಹೂಂ ಅಂದಳು. ನಾನಿನ್ನೂ ಏನೂ ಹೇಳಿರಲಿಲ್ಲ. ಸ್ವಲ್ಪ ಬಿಟ್ಟು ಮತ್ತೆ ಹೂಂ ಅಂದಳು. ಇವತ್ತು ಬೆಂಡೆಕಾಯಿ ಸಿಕ್ಕಿತು ಅಮ್ಮ ಅಂದೆ. ಹೂಂ ಅಂದಳು. ಎಳೆಯದಲ್ಲ, ಬಲಿತಿತ್ತು ಅಂದೆ. 'ಹೌದೇ?' ಅಂದಳು. ಆಮೇಲೆ ಏನೇನು ಹೇಳಿದೆನೋ. ಬೆಂಡೆಕಾಯಿಯಿಂದ ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು, ಅಳುವೂ ಬಂತು, ಅದಕ್ಕೂ ಹೂಂ ಅಂದಳು. ಒಂದು ಕಡೆ ಮುಗಿದು ಟಕ್ ಅಂತ ನಿಂತಾಗ ತಿರುಗಿಸಿ ಹಾಕಿ ಮುಂದುವರಿಸಿದೆ. ಹನ್ನೊಂದು ವರ್ಷದ್ದು ಇನ್ನೂ ಮುಗಿದಿಲ್ಲ. ದಿನಾ ಮೂರು ಗಂಟೆಗೆ ಹಾಕುತ್ತಿದ್ದೇನೆ.

ಅವಳು ಎಲ್ಲ ಕೇಳಿಸಿಕೊಂಡಳೆಂದು ಅವಳಿಗೆ ಹೇಳು.

ಏಪ್ರಿಲ್ ಎರಡಕ್ಕೆ ಹಮಾಮಾತ್ಸು ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ. ಕ್ಯೋಟೋಗೆ ಹೋಗುವ ಮುಂಚೆ ನಾಲ್ಕು ದಿನ ನನ್ನ ಮನೆ. ಲೋಟ ಎರಡು ತೊಳೆದಿಟ್ಟಿದ್ದೇನೆ. ಸಿಟ್ಟು ಎಷ್ಟಿದ್ದರೂ ಹೊತ್ತುಕೊಂಡು ಬಾ, ಜಗಳ ಕೂತೇ ಆಡೋಣ. ಬಾಯಿ ಮುಚ್ಚಿಕೊಂಡು ಮಾತ್ರ ಬಂದೆಯೋ, ನಿನಗೂ ಬಾಗಿಲಲ್ಲೇ ಟವೆಲ್ ಕೊಟ್ಟು ಕಳಿಸುತ್ತೇನೆ.

ಬೃಂದತ್ತೆ